ಹಾಫ್ ಕ್ಲಚ್ಚಿನ ಹರಟೆ

ಕಾರು ಕಲಿಯುತ್ತಿದ್ದೇನೆ ಅಂತ ಯಾರಾದರೂ ಬಾಯಿ ಬಿಟ್ಟರೆ ಸಾಕು, ನಮ್ಮ ಮೈಸೂರಿನಲ್ಲಿ ಗುರುಗಳಿಗೆ ಬರವೇ ಇಲ್ಲ. ಹಾಲಿನವನಿಂದ ಹಿಡಿದು ಎದುರು ಮನೆಯ ನಿವೃತ್ತ ತಹಸೀಲ್ದಾರರ ತನಕ, ಆಯುಷ್ಯವಿಡೀ ಸೈಕಲ್ಲಿನಲ್ಲೇ ಓಡಾಡಿದ ಪುರೋಹಿತರನ್ನೂ ಸೇರಿಸಿಕೊಂಡು, ಎಲ್ಲರ ಹತ್ತಿರವೂ ಒಂದೊಂದು ಉಪದೇಶ ಸಿದ್ಧವಾಗಿರುತ್ತದೆ. ಅವುಗಳಲ್ಲಿ ಮೊದಲನೆಯದು ‘ಧೈರ್ಯವಾಗಿ ಓಡಿಸಿ, ಏನೂ ಆಗಲ್ಲ’ ಅನ್ನುವುದು. ಹೊಸಬರಿಗೆ ಇದಕ್ಕಿಂತ ಕೆಟ್ಟ ಸಲಹೆ ಇನ್ನೊಂದಿಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ಧೈರ್ಯವಂತರು ನಮ್ಮ ರಸ್ತೆಗಳಲ್ಲಿ ಈಗಾಗಲೇ ಬೇಕಾದಷ್ಟಿದ್ದಾರೆ. ಐದು ಕಿಲೋಮೀಟರ್ ವೇಗದಲ್ಲಿ, ಎಳೆದಾಡದೆ, ಯಾರಿಗೂ ತಾಗಿಸದೆ ಗಾಡಿ ಸಾಗಿಸಬಲ್ಲವರು ಕಡಿಮೆ. ಕಾರಿನ ವಿದ್ಯೆಯೆಲ್ಲ ಇರುವುದು ಈ ನಿಧಾನದಲ್ಲೇ. ನಾಲ್ಕನೇ ಗೇರಿನಲ್ಲಿ ನೇರ ರಸ್ತೆಯ ಮೇಲೆ ಹೋಗುವುದು ಯಾರಿಗಾದರೂ ಒಂದು ದಿನದಲ್ಲಿ ಬರುತ್ತದೆ. ಮನೆಯ ಗೇಟಿನಿಂದ ರಸ್ತೆಗೆ ಬರುವುದು ಬರುವುದಿಲ್ಲ.

ಈ ಮಾತೆಲ್ಲ ಎದ್ದದ್ದು ಪಕ್ಕದ ಮನೆಯಾಕೆಯ ದೆಸೆಯಿಂದ. ಐವತ್ತಾರು ತುಂಬಿದ ಮೇಲೆ ಆಕೆ ಡ್ರೈವಿಂಗ್ ಸ್ಕೂಲಿಗೆ ಸೇರಿದ್ದಾರೆ. ಯಜಮಾನರಿಗೆ ಕತ್ತಲಾದ ಮೇಲೆ ಎದುರು ಗಾಡಿಯ ಲೈಟು ಕಣ್ಣಿಗೆ ಹೊಡೆದು ರಸ್ತೆಯೇ ಕಾಣುವುದಿಲ್ಲ, ಮಕ್ಕಳಿಬ್ಬರೂ ದೂರದ ಊರಿನಲ್ಲಿದ್ದಾರೆ, ಕಾರು ಮಾತ್ರ ಕವರು ಹೊದ್ದುಕೊಂಡು ಪೋರ್ಟಿಕೋದಲ್ಲಿ ನಿಂತಿದೆ. ಬೆಳಗಿನ ಕ್ಲಾಸು ಮುಗಿಸಿ ಬಂದವರು ಕರಿಬೇವು ಕೀಳುವ ನೆಪದಲ್ಲಿ ಕಾಂಪೌಂಡಿನ ಹತ್ತಿರ ಬರುತ್ತಾರೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು, ಕಾರನ್ನೂ ಬಹಳ ವರ್ಷದಿಂದ ಓಡಿಸುತ್ತಿದ್ದೇನೆ; ಹಾಗಾಗಿ ಬೀದಿಗೆಲ್ಲ ನಾನು ‘ಟೀಚರ್’.

“ಟೀಚರ್, ಇವತ್ತು ನಮ್ಮನೆಯವರು ಪಕ್ಕದಲ್ಲಿ ಕೂತಿದ್ರು.”

“ಹಾಗಾದ್ರೆ ಮನೇಲಿ ಮಾತುಕತೆ ನಿಂತಿದೆ ಅನ್ನಿ.”

“ಮಾತಿರ್ಲಿ, ತಿಂಡಿನೂ ನಿಂತಿದೆ. ಕ್ಲಚ್ ಬಿಡು, ಕ್ಲಚ್ ಬಿಡು ಅಂತಾರೆ. ಬಿಟ್ರೆ, ಯಾಕೆ ಬಿಟ್ಟೆ ಅಂತಾರೆ!”

ಗಂಡ ಹೆಂಡತಿಗೆ ಕಾರು ಕಲಿಸಬಾರದು ಅಂತ ಯಾವ ಕಾಯಿದೆಯಲ್ಲೂ ಇಲ್ಲ, ಇರಬೇಕಿತ್ತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಕೇಳುವುದು ಇಷ್ಟೇ: ಎಲ್‌ಎಲ್‌ಆರ್ ಇರುವವರ ಪಕ್ಕದಲ್ಲಿ ಲೈಸೆನ್ಸ್ ಇರುವವರೊಬ್ಬರು ಇರಬೇಕು, ಸಮಯಕ್ಕೆ ಗಾಡಿಯನ್ನು ಹತೋಟಿಗೆ ತರಲೋ ನಿಲ್ಲಿಸಲೋ ಆಗುವ ಜಾಗದಲ್ಲಿ ಅವರು ಕೂತಿರಬೇಕು, ಗಾಡಿಯ ಮುಂದೂ ಹಿಂದೂ ಬಿಳಿಯ ಮೇಲೆ ಕೆಂಪು ಬಣ್ಣದ ಎಲ್ ಕಾಣಬೇಕು. ಆ ಬೋರ್ಡು 18 ಸೆಂಟಿಮೀಟರ್ ಚೌಕದ್ದಾಗಿರಬೇಕು, ಅಕ್ಷರ 10 ಸೆಂಟಿಮೀಟರ್ ಎತ್ತರ ಇರಬೇಕು ಅಂತ ಅಳತೆಯನ್ನೂ ಕೊಟ್ಟಿದ್ದಾರೆ. ಇಷ್ಟು ಕರಾರುವಾಕ್ಕಾಗಿ ಬರೆದವರು ಪಕ್ಕದಲ್ಲಿ ಕೂತವರ ದನಿ ಎಷ್ಟು ಎತ್ತರ ಇರಬಹುದು ಅನ್ನುವುದನ್ನು ಮಾತ್ರ ಮರೆತುಬಿಟ್ಟಿದ್ದಾರೆ. ಪಕ್ಕದವರಿಗೆ ನಾನು ಹೇಳುವುದು ಒಂದೇ. ಎಡಗೈ ಬೇಕಾದರೆ ಬಾಗಿಲ ಹಿಡಿಯ ಮೇಲಿರಲಿ, ಬಲಗೈ ಹ್ಯಾಂಡ್ ಬ್ರೇಕಿನ ಹತ್ತಿರವೇ ಇರಲಿ, ಬಾಯಿ ಮುಚ್ಚಿರಲಿ. ಕಾಲಿನಿಂದ ಮ್ಯಾಟನ್ನು ಒತ್ತುವುದರಿಂದ ಯಾವ ಗಾಡಿಯೂ ಇದುವರೆಗೆ ನಿಂತಿಲ್ಲ.

ಡ್ರೈವಿಂಗ್ ಸ್ಕೂಲಿನ ಗಾಡಿಯಲ್ಲಿ ಬೇರೆ ಏರ್ಪಾಡು. ಅಲ್ಲಿ ಹೇಳಿಕೊಡುವವರ ಕಾಲ ಕೆಳಗೂ ಬ್ರೇಕು, ಕ್ಲಚ್ಚು ಇರುತ್ತವೆ, ನಿಯಮವೇ ಹಾಗಿದೆ. ಪ್ರಾಣ ಉಳಿಸುವ ಏರ್ಪಾಡು, ಬೇಡವೆನ್ನುವುದಿಲ್ಲ. ತೊಂದರೆ ಏನೆಂದರೆ, ಗಾಡಿ ನಿಂತದ್ದು ಯಾರ ಕಾಲಿನಿಂದ ಅನ್ನುವುದು ಕಲಿಯುವವರಿಗೆ ತಿಳಿಯುವುದೇ ಇಲ್ಲ. ಸ್ವಂತ ಕಾರು ಕಲಿಯುವವರಿಗೆ ಕನಿಷ್ಠ 21 ದಿನ ತರಬೇತಿ ಇರಬೇಕು, ಅದರಲ್ಲಿ 10 ಗಂಟೆಗೆ ಕಡಿಮೆಯಾಗದಷ್ಟು ಹೊತ್ತು ಸ್ಟೇರಿಂಗ್ ಹಿಡಿದು ಓಡಿಸಿರಬೇಕು ಅಂತ ಅದೇ ನಿಯಮಗಳಲ್ಲಿದೆ. ಇಪ್ಪತ್ತೊಂದೂ ದಿನ ಸಲೀಸಾಗಿ ಓಡಿಸಿದವರು ಮನೆಯ ಕಾರಿನಲ್ಲಿ ಮೊದಲ ತಿರುವಿನಲ್ಲೇ ಬೆವರುತ್ತಾರೆ. ಇಷ್ಟು ದಿನ ಓಡಿಸಿದವರು ಯಾರು ಅಂತ ಆಗ ಗೊತ್ತಾಗುತ್ತದೆ.

“ಒಂದು ಕೆಲಸ ಮಾಡಿ,” ಅಂದೆ. “ನಾಳೆ ಹೋದ ತಕ್ಷಣ ಸ್ಕೂಲಲ್ಲಿ ಕಲಿಸೋರಿಗೆ ಹೇಳಿ: ನೀವು ಪೆಡಲ್ ಒತ್ತಿದಾಗೆಲ್ಲ ಬಾಯಿಬಿಟ್ಟು ಹೇಳ್ಬೇಕು, ಇಲ್ಲಾಂದ್ರೆ ಕಾಲು ಹಿಂದಕ್ಕೆ ತಗೊಂಡು ಕೂತ್ಕೋಬೇಕು ಅಂತ.”

“ಅವರು ಬೈತಾರೆ ಟೀಚರ್.”

“ದುಡ್ಡು ಕೊಡ್ತಿರೋದು ನೀವು ಕಣ್ರೀ.”

ಗಾಡಿ ಶುರು ಮಾಡುವ ಮೊದಲೇ ಕಲಿಯಬೇಕಾದ್ದು ಬಹಳ ಇದೆ, ಅದನ್ನು ಹೇಳಿಕೊಡುವವರು ಕಡಿಮೆ. ಕೀಲಿ ತಿರುಗಿಸುವುದರಿಂದಲೇ ಪಾಠ ಆರಂಭವಾಗುತ್ತದೆ ಅಂತ ಎಲ್ಲರೂ ತಿಳಿದಿದ್ದಾರೆ. ಮೊದಲು ಸೀಟು. ಕ್ಲಚ್ಚನ್ನು ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಬಾಗಿರಬೇಕು. ಬೆನ್ನು ಸೀಟಿಗೆ ಆನಿಸಿ ಕೈ ಚಾಚಿದರೆ ಮಣಿಕಟ್ಟು ಸ್ಟೇರಿಂಗಿನ ನೆತ್ತಿಯ ಮೇಲೆ ಕೂರಬೇಕು. ನಮ್ಮ ಹೆಂಗಸರು ಬಾನೆಟ್ ಕಾಣಬೇಕು ಅಂತ ಸ್ಟೇರಿಂಗಿಗೆ ಎದೆ ತಾಗಿಸಿಕೊಂಡು ಕೂರುತ್ತಾರೆ. ಏರ್‌ಬ್ಯಾಗ್ ಸಿಡಿಯುವುದು ಅಲ್ಲಿಂದಲೇ. ಕಾಣದಿದ್ದರೆ ಸೀಟನ್ನು ಎತ್ತರಿಸಿಕೊಳ್ಳಬೇಕು, ಎತ್ತರಿಸಲು ಆಗದ ಗಾಡಿಯಾದರೆ ಜಾರದ ಗಟ್ಟಿ ದಿಂಬು ಹಾಕಿಕೊಳ್ಳಬೇಕು. ಆಮೇಲೆ ಕನ್ನಡಿ. ಒಳಗಿನದರಲ್ಲಿ ಹಿಂದಿನ ಗಾಜು ಪೂರ್ತಿ ಕಾಣಬೇಕು. ಹೊರಗಿನ ಎರಡರಲ್ಲಿ ನಮ್ಮ ಕಾರಿನ ಮೈ ಒಂದು ಗೀಟಿನಷ್ಟು ಕಂಡರೆ ಸಾಕು, ಉಳಿದದ್ದೆಲ್ಲ ರಸ್ತೆಯಾಗಿರಬೇಕು. ಪಕ್ಕದ ಮನೆಯಾಕೆಯ ಒಳಗನ್ನಡಿಯಲ್ಲಿ ಮೊದಲ ದಿನಗಳಲ್ಲಿ ಅವರ ಹಣೆಯ ಕುಂಕುಮ ಬಹಳ ಚೆನ್ನಾಗಿ ಕಾಣುತ್ತಿತ್ತಂತೆ.

ಇಷ್ಟೆಲ್ಲ ಹೊಂದಿಸಿದರೂ ಕನ್ನಡಿಗೆ ಸಿಕ್ಕದ ಒಂದು ಜಾಗ ಎರಡೂ ಕಡೆ ಉಳಿದೇ ಉಳಿಯುತ್ತದೆ. ಹಿಂದಿನ ಬಾಗಿಲ ಪಕ್ಕಕ್ಕೆ ಬಂದ ಸ್ಕೂಟರು ಅಲ್ಲಿ ಮಾಯವಾಗುತ್ತದೆ. ಪಕ್ಕಕ್ಕೆ ಸರಿಯುವ ಮುಂಚೆ ಕತ್ತು ತಿರುಗಿಸಿ ಒಂದು ಸಲ ನೋಡಲೇಬೇಕು. ಕತ್ತು ನೋವು ಅನ್ನುವವರು ಕಾರು ಕಲಿಯುವುದನ್ನು ಮುಂದಕ್ಕೆ ಹಾಕುವುದು ವಾಸಿ.

ಸೀರೆ, ಚಪ್ಪಲಿ, ನೀರಿನ ಬಾಟಲಿ ಈ ಮೂರರ ಬಗ್ಗೆ ಯಾವ ಡ್ರೈವಿಂಗ್ ಸ್ಕೂಲಿನವರೂ ಹೇಳುವುದಿಲ್ಲ. ನೆರಿಗೆ ಕ್ಲಚ್ಚಿನ ಪೆಡಲ್ಲಿಗೆ ಸಿಕ್ಕಿಕೊಂಡರೆ ಕಾಲು ಮೇಲೆ ಬರುವುದೇ ಇಲ್ಲ. ಹವಾಯಿ ಚಪ್ಪಲಿ ಪೆಡಲ್ಲಿನ ಕೆಳಗೆ ಮಡಚಿಕೊಳ್ಳುತ್ತದೆ. ಸೀಟಿನ ಅಡಿ ಉರುಳಾಡುವ ಬಾಟಲಿಯಂತೂ ಎಲ್ಲಕ್ಕಿಂತ ಅಪಾಯ. ಇಳಿಜಾರಿನಲ್ಲಿ ಅದು ಮುಂದಕ್ಕೆ ಬಂದು ಬ್ರೇಕಿನ ಹಿಂದೆ ಕೂತುಬಿಟ್ಟರೆ ಎಷ್ಟು ಒತ್ತಿದರೂ ಬ್ರೇಕು ಇಳಿಯುವುದಿಲ್ಲ. ಸೀರೆಯನ್ನು ಸ್ವಲ್ಪ ಎತ್ತಿ ಸಿಕ್ಕಿಸಿಕೊಂಡು, ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಹಾಕಿಕೊಂಡು, ಬಾಟಲಿಯನ್ನು ಬಾಗಿಲಿನ ಗೂಡಿನಲ್ಲಿಟ್ಟು ಹೊರಡುವುದು ಕ್ಷೇಮ.

ಇನ್ನು ಕ್ಲಚ್ಚು. ಇದರ ಹತ್ತಿರ ಬಂದಾಗ ನನ್ನೊಳಗಿನ ವಿಜ್ಞಾನದ ಟೀಚರ್ ಎದ್ದು ಕೂರುತ್ತಾಳೆ. ಇಂಜಿನ್ ಸುಮ್ಮನೆ ನಿಂತಲ್ಲೂ ನಿಮಿಷಕ್ಕೆ ಏಳೆಂಟು ನೂರು ಸುತ್ತು ತಿರುಗುತ್ತಿರುತ್ತದೆ, ಅದಕ್ಕಿಂತ ತೀರಾ ಕೆಳಗಿಳಿದರೆ ಆಫ್. ಚಕ್ರ ಮಾತ್ರ ಅಲ್ಲಾಡದೆ ನಿಂತಿದೆ. ತಿರುಗುವುದನ್ನು ನಿಂತದ್ದಕ್ಕೆ ಒಮ್ಮೆಗೇ ಜೋಡಿಸಿದರೆ ಗಾಡಿ ಜಂಪ್ ಆಗಿ ನಿಲ್ಲುತ್ತದೆ. ಕ್ಲಚ್ ಪ್ಲೇಟ್ ಮಧ್ಯೆ ನಿಂತು ಉಜ್ಜಿಕೊಳ್ಳುತ್ತಾ ಈ ಕಡೆಯ ವೇಗವನ್ನು ಆ ಕಡೆಗೆ ಸ್ವಲ್ಪಸ್ವಲ್ಪವೇ ಮುಟ್ಟಿಸುತ್ತದೆ. ಮದುವೆ ಮಾತುಕತೆಯಲ್ಲಿ ಎರಡೂ ಕಡೆ ಬೀಗರನ್ನು ಮೆಲ್ಲಗೆ ಹತ್ತಿರ ತರುವ ಹಿರಿಯರೊಬ್ಬರು ಇರುತ್ತಾರಲ್ಲ, ಅವರ ಕೆಲಸ ಅದು. ಅವರನ್ನು ಅವಸರ ಮಾಡಿದರೆ ಸಂಬಂಧ ಮುರಿಯುತ್ತದೆ. ಸುಮ್ಮನೆ ಮಧ್ಯದಲ್ಲೇ ಎಳೆದಾಡಿಸಿದರೆ ಅವರೇ ಸವೆದು ಸುಟ್ಟ ವಾಸನೆ ಬರುತ್ತದೆ.

ಹಾಫ್ ಕ್ಲಚ್ ಅನ್ನುವ ಆ ಜಾಗವನ್ನು ಕಾಲಿಗೆ ಪರಿಚಯ ಮಾಡಿಸಲು ಒಂದು ಅಭ್ಯಾಸ ಇದೆ, ಖರ್ಚಿಲ್ಲದ್ದು. ಸಮತಟ್ಟಾದ ಖಾಲಿ ಮೈದಾನಕ್ಕೆ ಹೋಗಿ. ಒಂದನೇ ಗೇರು ಹಾಕಿ. ಆಕ್ಸಿಲರೇಟರ್ ಮುಟ್ಟಲೇಬೇಡಿ. ಕ್ಲಚ್ಚನ್ನು ಪೂರ್ತಿ ಒತ್ತಿದಲ್ಲಿಂದ ಮೆಲ್ಲಗೆ ಮೇಲಕ್ಕೆ ಬಿಡುತ್ತಾ ಬನ್ನಿ. ಒಂದು ಜಾಗದಲ್ಲಿ ಇಂಜಿನ್ನಿನ ದನಿ ತಗ್ಗುತ್ತದೆ, ಸ್ಟೇರಿಂಗಿನಲ್ಲಿ ಸಣ್ಣ ನಡುಕ ಬರುತ್ತದೆ, ಬಾನೆಟ್ ಕೂದಲೆಳೆಯಷ್ಟು ಮೇಲೇಳುತ್ತದೆ. ಅಲ್ಲೇ ಕಾಲನ್ನು ನಿಲ್ಲಿಸಿ. ಗಾಡಿ ತಾನಾಗಿ ತೆವಳಲು ಶುರುಮಾಡುತ್ತದೆ. ಈಗಿನ ಪೆಟ್ರೋಲ್ ಕಾರುಗಳಲ್ಲಿ ಇಂಜಿನ್ನಿನ ವೇಗ ಬೀಳುವ ಹಾಗಾದರೆ ಒಳಗಿನ ಕಂಪ್ಯೂಟರೇ ಇನ್ನಷ್ಟು ಗಾಳಿ, ಇನ್ನಷ್ಟು ಪೆಟ್ರೋಲ್ ಕೊಟ್ಟು ಎತ್ತಿ ಹಿಡಿಯುತ್ತದೆ. ಆದ್ದರಿಂದ ಇದು ಸಾಧ್ಯ. ಮತ್ತೆ ಒತ್ತಿ ನಿಲ್ಲಿಸಿ, ಮತ್ತೆ ಬಿಡಿ. ಗಾಡಿ ಆಫ್ ಆಗದೆ, ಎಗರದೆ, ಮನುಷ್ಯ ನಡೆಯುವ ವೇಗದಲ್ಲಿ ಮೈದಾನ ಸುತ್ತುವುದು ಬಂದುಬಿಟ್ಟರೆ ಕಾರು ಮುಕ್ಕಾಲು ಪಾಲು ಬಂತು ಅಂತಲೇ ಲೆಕ್ಕ.

“ಆಟೋಮ್ಯಾಟಿಕ್ ತಗೊಂಡ್ಬಿಟ್ರೆ ಈ ಕ್ಲಚ್ಚಿನ ಗೋಳೇ ಇರಲ್ಲ ಅಲ್ವಾ ಟೀಚರ್?”

ಇರುವುದಿಲ್ಲ, ನಿಜ. ಲೈಸೆನ್ಸಿಗೂ ಅದರಿಂದ ಅಡ್ಡಿಯಿಲ್ಲ. ಆದರೆ ಅಲ್ಲಿ ಬೇರೆ ಗೋಳು: ಎಡಗಾಲಿಗೆ ಕೆಲಸವಿಲ್ಲದೆ ಅದು ತಾನೂ ಏನಾದರೂ ಒತ್ತಬೇಕು ಅಂತ ಚಡಪಡಿಸುತ್ತದೆ. ಬ್ರೇಕಿಗೂ ಆಕ್ಸಿಲರೇಟರಿಗೂ ಬಲಗಾಲು ಒಂದೇ. ಹಿಮ್ಮಡಿ ಬ್ರೇಕಿನ ಎದುರು ನೆಲಕ್ಕೆ ಊರಿರಬೇಕು, ಆಕ್ಸಿಲರೇಟರಿಗೆ ಬೆರಳು ಮಾತ್ರ ತಿರುಗಬೇಕು. ಗಾಬರಿಯಲ್ಲಿ ಬ್ರೇಕ್ ಅಂತ ಆಕ್ಸಿಲರೇಟರ್ ಒತ್ತಿ ಕಾಂಪೌಂಡ್ ಕೆಡವುವವರು ಹೆಚ್ಚಾಗಿ ಕಾಲನ್ನು ಗಾಳಿಯಲ್ಲಿ ತೂಗಾಡಿಸುತ್ತಾ ಓಡಿಸುವವರು.

ನಿಲ್ಲಿಸುವಾಗ ಹೊಸಬರೆಲ್ಲ ಮೊದಲು ಕ್ಲಚ್ ಒತ್ತುತ್ತಾರೆ, ಗಾಡಿ ಆಫ್ ಆದೀತೆಂಬ ಭಯ. ಕ್ಲಚ್ ಒತ್ತಿದ ಕೂಡಲೇ ಇಂಜಿನ್ನಿನ ಹಿಡಿತ ತಪ್ಪಿ ಗಾಡಿ ಇನ್ನಷ್ಟು ಸಲೀಸಾಗಿ ಓಡುತ್ತದೆ, ಭಯ ಇನ್ನಷ್ಟಾಗುತ್ತದೆ. ಮೊದಲು ಬ್ರೇಕು, ಇನ್ನೇನು ನಿಲ್ಲಬೇಕು ಅನ್ನುವಾಗ ಕ್ಲಚ್ಚು. ಗಾಡಿ ಆಫ್ ಆದರೆ ಆಗಲಿ ಬಿಡಿ, ಯಾರಿಗೂ ಗಾಯವಾಗುವುದಿಲ್ಲ. ಯಾರಾದರೂ ಅಡ್ಡ ಬಂದಾಗ ಮಾತ್ರ ಲೆಕ್ಕಾಚಾರ ಬೇಡ. ಬ್ರೇಕನ್ನು ಗಟ್ಟಿಯಾಗಿ ಒತ್ತಿ ಹಿಡಿಯುವುದೇ ಸರಿ. 2019ರಿಂದೀಚೆಗೆ ಮಾರಾಟವಾಗುವ ಹೊಸ ಕಾರುಗಳಲ್ಲಿ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ಎಬಿಎಸ್ ಇದ್ದೇ ಇರುತ್ತದೆ. ಗಟ್ಟಿಯಾಗಿ ಒತ್ತಿದಾಗ ಪೆಡಲ್ ಕಾಲಿನ ಕೆಳಗೆ ಗಡಗಡ ಅದುರುತ್ತದೆ, ಹೊಸಬರು ಏನೋ ಮುರಿಯಿತು ಅಂತ ಕಾಲು ತೆಗೆದುಬಿಡುತ್ತಾರೆ. ಯಾರೂ ಇಲ್ಲದ ಮೈದಾನದಲ್ಲಿ ಬೇಕೆಂದೇ ಜೋರಾಗಿ ಬ್ರೇಕ್ ಹಾಕಿ ಆ ಅದುರು ಹೇಗಿರುತ್ತದೆಂದು ತಿಳಿದಿಟ್ಟುಕೊಳ್ಳುವುದು ಒಳ್ಳೆಯದು.

ಎದುರು ಮನೆಯ ತಹಸೀಲ್ದಾರರು ಒಂದು ದಿನ ಗೇಟಿನಲ್ಲಿ ನಿಂತು ತಮ್ಮ ಪಾಲಿನ ಉಪದೇಶ ಕೊಟ್ಟರು: “ಚಾಮುಂಡಿ ಬೆಟ್ಟ ಇಳಿಯುವಾಗ ನ್ಯೂಟ್ರಲ್ ಹಾಕ್ಬಿಡಿ ತಾಯಿ, ಪೆಟ್ರೋಲ್ ಉಳಿಯತ್ತೆ.” ಅವರು ಅಂಬಾಸಡರ್, ಫಿಯಟ್ ಕಾಲದವರು. ಆ ಕಾರ್ಬುರೇಟರ್ ಗಾಡಿಗಳಲ್ಲಿ ಈ ಮಾತಿಗೆ ಒಂದಿಷ್ಟು ಅರ್ಥ ಇದ್ದಿರಬಹುದು. ಈಗಿನ ಗಾಡಿ ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಜಿನ್ನಿಗೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ. ಚಕ್ರವೇ ಇಂಜಿನ್ನನ್ನು ತಿರುಗಿಸುತ್ತಿರುತ್ತದೆ. ನ್ಯೂಟ್ರಲ್ ಹಾಕಿದರೆ ಇಂಜಿನ್ ತಾನಾಗಿ ತಿರುಗಲು ಪೆಟ್ರೋಲ್ ಸುಡಬೇಕು. ಅಂದಮೇಲೆ ಉಳಿತಾಯವೂ ಇಲ್ಲ, ಇಂಜಿನ್ನಿನ ತಡೆಯೂ ಇಲ್ಲ, ಇಡೀ ಭಾರ ಬ್ರೇಕಿನ ಮೇಲೆ. ಬ್ರೇಕ್ ಕಾದು ಹಿಡಿತ ತಪ್ಪುವುದು ಹೀಗೆಯೇ. ಕೀಲಿಯನ್ನೇ ಆಫ್ ಮಾಡಿ ಇಳಿಯುವ ಮಹಾನುಭಾವರೂ ಇದ್ದಾರೆ. ಇಂಜಿನ್ ನಿಂತರೆ ಪವರ್ ಸ್ಟೇರಿಂಗ್ ಕೈಕೊಡುತ್ತದೆ, ಎರಡು ಮೂರು ಸಲ ಒತ್ತುವಷ್ಟರಲ್ಲಿ ಬ್ರೇಕ್ ಕಲ್ಲಾಗುತ್ತದೆ. ಇಳಿಯುವಾಗ ಎರಡನೆಯದೋ ಮೂರನೆಯದೋ ಗೇರು. ಹತ್ತುವಾಗ ಯಾವ ಗೇರು ಬೇಕಾಯಿತೋ ಇಳಿಯುವಾಗಲೂ ಹೆಚ್ಚುಕಡಿಮೆ ಅದೇ.

ಏರಿನಲ್ಲಿ ನಿಂತ ಗಾಡಿಯನ್ನು ಹೊರಡಿಸುವುದು ಎಲ್ಲರಿಗೂ ಭಯ, ಅದರಲ್ಲೂ ಹಿಂದೊಂದು ಬಸ್ಸು ಮೂಗು ಚಾಚಿಕೊಂಡು ನಿಂತಿದ್ದರೆ. ಮಂಗಳೂರಿನವರಿಗೆ, ಮಡಿಕೇರಿಯವರಿಗೆ ಇದು ದಿನನಿತ್ಯದ ಬದುಕು. ನಮ್ಮ ಮಟ್ಟಸವಾದ ಮೈಸೂರಿನಲ್ಲಿ ಕಲಿತವರು ಅಲ್ಲಿಗೆ ಹೋದಾಗ ಮರ್ಯಾದೆ ಕಳೆದುಕೊಳ್ಳುತ್ತಾರೆ. ಲೈಸೆನ್ಸಿನ ಪರೀಕ್ಷೆಯ ನಿಯಮದಲ್ಲೂ ಇದಿದೆ: ಕಡಿದಾದ ಏರಿನಲ್ಲಿ ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಮತ್ತೆ ಹೊರಡಿಸಬೇಕು. ಹ್ಯಾಂಡ್ ಬ್ರೇಕ್ ಹಾಕಿಯೇ ಇರಿ. ಆಕ್ಸಿಲರೇಟರನ್ನು ಸ್ವಲ್ಪ ಕೊಟ್ಟು, ಹಾಫ್ ಕ್ಲಚ್ಚಿಗೆ ಬನ್ನಿ. ಗಾಡಿ ಮುಂದಕ್ಕೆ ಎಳೆಯುತ್ತಾ ಹ್ಯಾಂಡ್ ಬ್ರೇಕಿನ ವಿರುದ್ಧ ಸೆಣಸುವುದು ಗೊತ್ತಾದ ಮೇಲೆ ಹ್ಯಾಂಡ್ ಬ್ರೇಕ್ ಇಳಿಸಿ. ಅಷ್ಟೇ. ಇದರಲ್ಲಿ ಧೈರ್ಯದ ಪ್ರಶ್ನೆ ಎಲ್ಲೂ ಬರುವುದಿಲ್ಲ.

ಏರಿನ ಮಾತು ಬಂದಾಗ ನಾನು ಆಕೆಗೆ ಬೆರ್ಥಾ ಬೆಂಜ್ ಕತೆ ಹೇಳಿದೆ. 1888ರಲ್ಲಿ, ಕಾರು ಕಂಡುಹಿಡಿದ ಕಾರ್ಲ್ ಬೆಂಜ್ ಅವರ ಹೆಂಡತಿ ಗಂಡನಿಗೆ ತಿಳಿಸದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಜರ್ಮನಿಯ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮಿನ ತವರಿಗೆ ನೂರು ಕಿಲೋಮೀಟರಿಗೂ ಮೇಲ್ಪಟ್ಟ ದಾರಿ ಕಾರಿನಲ್ಲಿ ಹೋದರು. ಅಷ್ಟು ದೂರ ಕಾರಿನಲ್ಲಿ ಅದುವರೆಗೆ ಯಾರೂ ಹೋಗಿರಲಿಲ್ಲ. ಏರು ಬಂದಲ್ಲಿ ಮಕ್ಕಳು ಇಳಿದು ನೂಕಿದರು. ಪೆಟ್ರೋಲಿನ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದರು. ಬ್ರೇಕಿನ ಮರದ ತುಂಡು ಸವೆದಾಗ ಚಪ್ಪಲಿ ಹೊಲಿಯುವವರ ಹತ್ತಿರ ಚರ್ಮ ಹೊಡೆಸಿಕೊಂಡರು. ಊರಿಗೆ ಮರಳಿದ ಮೇಲೆ, ಏರು ಹತ್ತಲು ಇನ್ನೊಂದು ಗೇರು ಬೇಕು ಅಂತ ಗಂಡನಿಗೆ ಹೇಳಿದರು.

“ನೋಡಿದ್ರಾ, ಗಂಡ ಪಕ್ಕದಲ್ಲಿರ್ಲಿಲ್ಲ!” ಅಂದರು ಪಕ್ಕದ ಮನೆಯಾಕೆ. ಇಡೀ ಕತೆಯಲ್ಲಿ ಅವರಿಗೆ ಹಿಡಿಸಿದ್ದು ಅದೊಂದೇ.

ಸ್ಟೇರಿಂಗ್ ವಿಷಯದಲ್ಲಿ ಒಂದು ಸತ್ಯ ತಿಳಿದಿದ್ದರೆ ಅರ್ಧ ಗೀರುಗಳು ತಪ್ಪುತ್ತವೆ. ತಿರುವಿನಲ್ಲಿ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಗಡೆಯಿಂದ ಕಡಿದುಕೊಂಡು ಬರುತ್ತದೆ. ಎಡಕ್ಕೆ ತಿರುಗುವಾಗ ಮುಂದಿನ ಚಕ್ರ ಕಲ್ಲನ್ನು ದಾಟಿತು ಅಂತ ಆಗಲೇ ತಿರುಗಿಸಿದರೆ ಹಿಂದಿನದು ಫುಟ್‌ಪಾತ್ ಹತ್ತುತ್ತದೆ, ಇಲ್ಲವೇ ಬಾಗಿಲು ಗೇಟಿನ ಕಂಬವನ್ನು ಉಜ್ಜುತ್ತದೆ. ರಿವರ್ಸಿನಲ್ಲಿ ಇದೇ ತಿರುಗುಮುರುಗು: ಹಿಂಭಾಗ ಹೇಳಿದ ಕಡೆ ಹೋಗುತ್ತದೆ, ಮೂಗು ಮಾತ್ರ ಎದುರು ದಿಕ್ಕಿಗೆ ಅಗಲವಾಗಿ ಬೀಸುತ್ತದೆ. ಹಿಂದೆ ನೋಡುವುದರಲ್ಲೇ ಮುಳುಗಿದವರು ಮುಂದಿನ ಮೂಲೆಯನ್ನು ಪಕ್ಕದ ಸ್ಕೂಟರಿಗೆ ಒಪ್ಪಿಸಿಬಿಡುತ್ತಾರೆ. ಆರ್‌ಟಿಒದಲ್ಲಿ ಎಂಟು ಹಾಕಿಸುವುದು, ರಿವರ್ಸಿನಲ್ಲಿ ಕಿರಿದಾದ ಜಾಗಕ್ಕೆ ನುಗ್ಗಿಸುವುದು, ಇವೆಲ್ಲ ಈ ಚಕ್ರಗಳ ಜಾಡು ತಲೆಗೆ ಹತ್ತಿದೆಯೋ ಇಲ್ಲವೋ ನೋಡುವುದಕ್ಕೆ. ನಮ್ಮ ಕಲಿಸುವವರು ಅದನ್ನೂ ಬಾಯಿಪಾಠ ಮಾಡಿಸುತ್ತಾರೆ: ‘ಆ ಕಂಬ ಈ ಕಿಟಕಿಗೆ ಬಂದಾಗ ಒಂದೂವರೆ ಸುತ್ತು ಎಡಕ್ಕೆ.’ ಪರೀಕ್ಷೆ ಪಾಸು. ಮನೆಯ ಮುಂದೆ ಆ ಕಂಬ ಇಲ್ಲವಲ್ಲ!

ಇದಕ್ಕೆ ಮದ್ದು ಬಹಳ ಸುಲಭ. ಮೈದಾನದಲ್ಲಿ ಹಳೆಯ ಪೇಂಟಿನ ಡಬ್ಬಗಳೋ ಖಾಲಿ ರಟ್ಟಿನ ಪೆಟ್ಟಿಗೆಗಳೋ ನಾಲ್ಕನ್ನಿಟ್ಟು ಗೇಟು ಅಂತ ತಿಳಿಯಿರಿ. ಹಾಫ್ ಕ್ಲಚ್ಚಿನಲ್ಲಿ, ತೆವಳುವ ವೇಗದಲ್ಲಿ, ಒಳಕ್ಕೆ ಹೊರಕ್ಕೆ ಮಾಡಿ. ರಿವರ್ಸಿನಲ್ಲಿ ಸ್ಟೇರಿಂಗ್ ಸ್ವಲ್ಪವೇ ತಿರುಗಿಸಿ, ಏನಾಯಿತು ನೋಡಿ, ಆಮೇಲೆ ಇನ್ನಷ್ಟು. ಸಂಶಯ ಬಂದರೆ ನಿಲ್ಲಿಸಿ ಇಳಿದು ನೋಡಿ ಬನ್ನಿ. ಇಳಿದು ನೋಡುವುದು ನಾಚಿಕೆ ಅನ್ನುವವರು ಬಂಪರಿನ ದುಡ್ಡನ್ನು ಮೊದಲೇ ತೆಗೆದಿಟ್ಟಿರಬೇಕು.

ಮನೆಯಿಂದ ಹೊರಡುವ ಮೊದಲು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕುವುದನ್ನು ಪಕ್ಕದ ಮನೆಯಾಕೆಗೆ ನಾನು ರೂಢಿ ಮಾಡಿಸಿದ್ದೇನೆ. ನಮ್ಮ ಬೀದಿಯ ನಾಯಿಗಳಿಗೆ ನಿಂತ ಕಾರಿನ ಕೆಳಗಿನ ನೆರಳೇ ಬೇಕು. ಮಕ್ಕಳು ಚೆಂಡು ತೆಗೆಯಲು ಡಿಕ್ಕಿಯ ಹಿಂದೆ ಕುಕ್ಕರಗಾಲಲ್ಲಿ ಕೂತರೆ ಯಾವ ಕನ್ನಡಿಯಲ್ಲೂ ಕಾಣುವುದಿಲ್ಲ. 2019ರ ಜುಲೈನಿಂದ ಹೊಸ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯವಾಗಿದೆ, ಸರಿ. ಆದರೆ ಅದು ಕಿರಿಚಲು ಶುರುಮಾಡುವ ಹೊತ್ತಿಗೆ ಗಾಡಿ ಆಗಲೇ ಚಲಿಸುತ್ತಿರುತ್ತದೆ. ಇನ್ನೂ ಒಂದು: ಮನೆಗೆ ಬಂದಾಗಲೇ ರಿವರ್ಸಿನಲ್ಲಿ ಒಳಗೆ ಹಾಕಿಬಿಡಬೇಕು. ಬರುವಾಗ ರಸ್ತೆಯನ್ನು ನೋಡಿಕೊಂಡು ಬಂದಿರುತ್ತೇವೆ, ಒಳಗೆ ಏನಿದೆ ಗೊತ್ತಿರುತ್ತದೆ. ಬೆಳಗ್ಗೆ ಕಾಂಪೌಂಡಿನ ಮರೆಯಿಂದ ಓಡಾಡುವ ರಸ್ತೆಗೆ ಹಿಂದುಹಿಂದಾಗಿ ಬರುವುದು ಕುರುಡಾಟ.

ಮೈಸೂರಿನಲ್ಲಿ ಸರ್ಕಲ್ಲುಗಳಿಗೇನು ಕೊರತೆ? ಅರಮನೆಯ ಸುತ್ತಮುತ್ತಲೇ ಮಹಾರಾಜರ ಪ್ರತಿಮೆಗಳನ್ನು ಸುತ್ತುಹಾಕಿ ಹೋಗಬೇಕು. ಆಕೆಗೆ ಕೆ.ಆರ್. ಸರ್ಕಲ್ ಅಂದರೆ ಎದೆ ಡವಡವ. 2017ರ ಚಾಲನಾ ನಿಯಮಾವಳಿ ಹೇಳುವುದು ಸುಲಭವಾಗಿದೆ: ಸಿಗ್ನಲ್ ಇಲ್ಲದ ಕಡೆ ಸರ್ಕಲ್ ಒಳಗೆ ಆಗಲೇ ಸುತ್ತುತ್ತಿರುವವರಿಗೆ ದಾರಿ ಮೊದಲು, ನುಗ್ಗುವವರು ಕಾಯಬೇಕು. ಸಿಗ್ನಲ್ಲೂ ಇಲ್ಲದ, ಬೋರ್ಡೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ಘಟ್ಟದ ಕಿರಿದಾದ ರಸ್ತೆಯಲ್ಲಿ ಇಳಿಯುವವರು ನಿಂತು ಹತ್ತುವವರಿಗೆ ಜಾಗ ಕೊಡಬೇಕು. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ ಈ ಒಂದು ಮಾತನ್ನು ಎಲ್ಲರೂ ಪಾಲಿಸಿದರೆ ಸಾಕು, ಅರ್ಧ ಜಗಳ ಇರುವುದಿಲ್ಲ. ಪಾಲಿಸುವವರು ಯಾರು ಅಂತ ಕೇಳಬೇಡಿ. ಬೇರೆಯವರು ಪಾಲಿಸುವುದಿಲ್ಲ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿದೇ ನಾವು ಕಾಯಬೇಕು. ಕಾದರೆ ಹತ್ತು ಸೆಕೆಂಡು ಹೋಗುತ್ತದೆ, ಅಷ್ಟೇ ತಾನೇ.

“ಎದುರಿನವರು ಲೈಟ್ ಹೊಡೆದ್ರೆ ಏನರ್ಥ ಟೀಚರ್? ಮಗ ಇಂಗ್ಲೆಂಡಲ್ಲಿ, ‘ನೀವು ಹೋಗಿ’ ಅಂತ ಅರ್ಥ ಅಂತಾನೆ.”

“ಅಲ್ಲಿ ಹಾಗೆ. ಇಲ್ಲಿ, ‘ನಾನು ಬರ್ತಿದೀನಿ, ನಿಂತ್ಕೋ’ ಅಂತ. ಅಪ್ಪಿತಪ್ಪಿ ಮಗನ ಮಾತು ಕೇಳಬೇಡಿ.”

ಇಂಡಿಕೇಟರ್ ವಿಷಯಕ್ಕೂ ಅವನದೇ ಗೊಂದಲ. ನಮ್ಮ ಮಾರುತಿ, ಹ್ಯುಂಡೈ ಕಾರುಗಳಲ್ಲಿ ಇಂಡಿಕೇಟರ್ ಕಡ್ಡಿ ಸ್ಟೇರಿಂಗಿನ ಬಲಕ್ಕಿದೆ. ಫೋಕ್ಸ್‌ವ್ಯಾಗನ್, ಸ್ಕೋಡಾದಲ್ಲಿ ಎಡಕ್ಕೆ. ರಜೆಗೆ ಬಂದ ಮಗ ಪ್ರತಿ ತಿರುವಿನಲ್ಲೂ ವೈಪರ್ ಹಾಕುತ್ತಿದ್ದ, ಬಿಸಿಲಿನಲ್ಲಿ. ಯಾವ ಕಡೆ ಇದ್ದರೂ ಇಂಡಿಕೇಟರನ್ನು ತಿರುಗುವ ಮೊದಲು ಹಾಕಬೇಕು. ತಿರುಗುತ್ತಾ ಹಾಕಿದರೆ ಅದು ಬರೀ ವರದಿ. ಮೊದಲು ಕನ್ನಡಿ, ಆಮೇಲೆ ಇಂಡಿಕೇಟರ್, ಆಮೇಲೆ ಕತ್ತು ತಿರುಗಿಸಿ ನೋಟ, ಕೊನೆಗೆ ಸ್ಟೇರಿಂಗ್.

ಮುಂದಿನ ಗಾಡಿಯ ಅಂತರದ ಬಗ್ಗೆ ಒಂದೇ ಲೆಕ್ಕ ಸಾಕು. ಗಂಟೆಗೆ 40 ಕಿಲೋಮೀಟರ್ ಅಂದರೆ ಸೆಕೆಂಡಿಗೆ 11 ಮೀಟರ್. ಕಣ್ಣು ಕಂಡು ಕಾಲು ಬ್ರೇಕಿಗೆ ಬರಲು ಒಂದು ಸೆಕೆಂಡು ಅಂತ ಹಿಡಿದರೂ 11 ಮೀಟರ್ ಸುಮ್ಮನೆ ಹೋಯಿತು. ಬ್ರೇಕ್ ಹಿಡಿದ ಮೇಲೆ ಒಣ ರಸ್ತೆಯಲ್ಲಿ ಇನ್ನೊಂದು ಒಂಬತ್ತು ಹತ್ತು ಮೀಟರ್. ವೇಗ ಎರಡರಷ್ಟಾದರೆ ಬ್ರೇಕಿನ ದೂರ ನಾಲ್ಕರಷ್ಟಾಗುತ್ತದೆ, ಮಳೆಯಲ್ಲಿ ಅದಕ್ಕೂ ಹೆಚ್ಚು. ಮುಂದಿನ ಗಾಡಿ ಒಂದು ಕಂಬ ದಾಟಿದ ಮೇಲೆ ಮೂರು ಸೆಕೆಂಡು ಬಿಟ್ಟು ನಾವು ಆ ಕಂಬಕ್ಕೆ ಬಂದರೆ ಕ್ಷೇಮ. “ಅಷ್ಟು ಜಾಗ ಬಿಟ್ರೆ ಸ್ಕೂಟರಿನವರು ತೂರಿಕೊಳ್ತಾರೆ” ಅಂದರು. ತೂರಿಕೊಳ್ಳಲಿ. ನಾವು ಇನ್ನಷ್ಟು ಹಿಂದಕ್ಕೆ ಸರಿದರಾಯಿತು. ಜಾಗ ನಮ್ಮಪ್ಪನ ಆಸ್ತಿಯಲ್ಲವಲ್ಲ.

ಕಾಗದಪತ್ರದ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ, ಕೇಳುವವರು ಬಹಳ ಜನ. ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತದೆ. ಅದು ಸಿಕ್ಕಿ 30 ದಿನ ಕಳೆಯದೆ ಡಿಎಲ್ ಪರೀಕ್ಷೆಗೆ ಹೋಗುವ ಹಾಗಿಲ್ಲ. ನಲವತ್ತು ದಾಟಿದವರಿಗೆ ಡಾಕ್ಟರ ಸರ್ಟಿಫಿಕೇಟ್ ಬೇಕು, ಫಾರಂ 1ಎ. ಐವತ್ತೈದು ದಾಟಿದ ಮೇಲೆ ಸಿಗುವ ಲೈಸೆನ್ಸ್ ಐದು ವರ್ಷಕ್ಕೆ, ಆಮೇಲೆ ಮತ್ತೆ ಮಾಡಿಸಬೇಕು. ಪಕ್ಕದ ಮನೆಯಾಕೆಗೆ ಪರೀಕ್ಷೆಯ ದಿನ ಇನ್ನೂ ಬಂದಿಲ್ಲ. ಹಾಫ್ ಕ್ಲಚ್ ಬಂದಿದೆ, ರಿವರ್ಸ್ ಬಂದಿದೆ, ಏರು ಇನ್ನೂ ಅಳುಕು. ಯಜಮಾನರು ಈಗ ಹಿಂದಿನ ಸೀಟಿನಲ್ಲಿ ಕೂರುತ್ತಾರೆ, ಮುಂದೆ ನಾನು.

ಹಾಗೆ ಕೂತು ನೋಡಿದಾಗ ಒಂದು ಸಂಗತಿ ಕಂಡಿತು. ಆಕೆ ತಪ್ಪು ಮಾಡುವುದೆಲ್ಲ ಹಿಂದಿನಿಂದ ಹಾರ್ನ್ ಬಿದ್ದ ಮೇಲೆ. ಅದುವರೆಗೆ ಎಲ್ಲ ಸರಿಯಾಗಿಯೇ ಮಾಡುತ್ತಿರುತ್ತಾರೆ. ಹಾರ್ನ್ ಕೇಳಿದ ಕೂಡಲೇ ಎಡಗಾಲು ಕ್ಲಚ್ಚನ್ನು ಥಟ್ಟನೆ ಬಿಟ್ಟುಬಿಡುತ್ತದೆ, ಗಾಡಿ ಆಫ್. ಇನ್ನೊಂದು ಹಾರ್ನ್. ಕೀಲಿ ತಿರುಗಿಸುವಾಗ ಗೇರು ಹಾಗೇ ಇದ್ದು ಗಾಡಿ ಎಗರುತ್ತದೆ. ಮೂರನೇ ಹಾರ್ನ್. ಅಷ್ಟರಲ್ಲಿ ಸಿಗ್ನಲ್ ಮತ್ತೆ ಕೆಂಪಾಗಿರುತ್ತದೆ. ಆದ್ದರಿಂದ ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ: ಮುಂದೆ ಕೆಂಪು ಎಲ್ ಕಂಡರೆ ಹಾರ್ನಿನಿಂದ ಕೈ ತೆಗೆಯಿರಿ, ಏರಿನಲ್ಲಾದರೆ ಒಂದು ಕಾರು ಹಿಡಿಯುವಷ್ಟು ಜಾಗ ಬಿಟ್ಟು ನಿಲ್ಲಿ. ಹಾರ್ನ್ ಹೊಡೆಯದಿದ್ದರೆ ಅವರು ಬೇಗ ಹೊರಡುತ್ತಾರೆ, ನೀವೂ ಅದೇ ಸಿಗ್ನಲ್ಲಿನಲ್ಲಿ ದಾಟುತ್ತೀರಿ.